ಬಿಸಿಲಿಗಿಟ್ಟ ತುಂಡು

ಅಥವಾ ಐದು ತುಂಡುಗಳಿರಲಿಲ್ಲವೇನೋ, ನಾಲ್ಕೇ ಇದ್ದವೇನೋ. ಬೇವು, ಜಾಲಿ, ಮಾವು, ಸಾಗವಾನಿ ಎಂದು ಎಣಿಸಿದರೆ ನಾಲ್ಕು ಬೆರಳು ಮಡಚುತ್ತವೆ. ಐದನೆಯದು ಕಟ್ಟಿಗೆಯೇ ಅಲ್ಲ, ಮೈಕಾ ಅಂಟಿಸಿದ ಪ್ಲೈವುಡ್ಡು. ಅದನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ಎಂದು ಇಷ್ಟು ವರ್ಷವಾದರೂ ನನ್ನ ಹೆಬ್ಬೆರಳು ತಡೆಯುತ್ತದೆ. ಔರಾದಿನ ನಮ್ಮ ಮನೆಯ ಪಡಸಾಲೆಯಲ್ಲಿ, ಊಟ ಮುಗಿದ ಒಂದು ಮಧ್ಯಾಹ್ನ, ಕಣ್ಣು ಕಾಣದ ನನ್ನ ಆಯಿಯ ಮುಂದೆ, ಎಂದರೆ ನನ್ನ ಅಪ್ಪನ ತಾಯಿಯ ಮುಂದೆ, ಅವಳ ಕಿರಿಯ ಮಗ, ನನ್ನ ಕಾಕಾ, ಆ ತುಂಡುಗಳನ್ನು ಸಾಲಾಗಿ ಇಟ್ಟ. ಇಷ್ಟು ನಿಜ. ಕಂಬಳಿಯ ಮೇಲೆ ಇಟ್ಟನೋ ಬರಿಯ ನೆಲದ ಮೇಲೋ ಹೇಳಲಾರೆ. ಅಂದು ಪುಂಡಿ ಪಲ್ಯ ಮಾಡಿದ್ದರು ಎಂದು ಬರೆಯಲು ಕೈ ಹೋಗುತ್ತದೆ. ಪುಂಡಿ ಪಲ್ಯ ನಮ್ಮಲ್ಲಿ ವಾರಕ್ಕೆ ಮೂರು ದಿನ ಇರುತ್ತಿತ್ತು, ಆದ್ದರಿಂದ ಆ ನೆನಪಿಗೆ ಯಾವ ಬೆಲೆಯೂ ಇಲ್ಲ. ನನಗೆ ಪೂರ್ತಿ ನೆನಪು ಬೇಕಾಗಿಯೂ ಇಲ್ಲ. ಈ ಅಧ್ಯಾಯವನ್ನು ಕಾಕಾನ ಸಲುವಾಗಿ ಬರೆಯುತ್ತಿದ್ದೇನೆ. ಅವನು ಇನ್ನೂ ಬದುಕಿದ್ದಾನೆ, ಬೀದರಿನ ಚಿದ್ರಿಯಲ್ಲಿದ್ದಾನೆ, ಕನ್ನಡಕ ಏರಿಸಿಕೊಂಡು ಪೇಪರನ್ನು ಕೊನೆಯ ಸಾಲಿನ ತನಕ ಓದುತ್ತಾನೆ. ಇದನ್ನೂ ಓದಲಿ.

ಆಯಿಗೆ ನಾನು ಹುಟ್ಟುವ ಮೊದಲೇ ಕಣ್ಣು ಹೋಗಿದ್ದವು. ಮನೆಯನ್ನು ಅವಳು ಬಲಗೈಯ ಬೆನ್ನಿನಿಂದ ನೋಡುತ್ತಿದ್ದಳು, ಮಕ್ಕಳಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಎಡಗೈ ಲಿಂಗದ್ದು. ಬೆಳಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತಳೆಂದರೆ, ಕಣ್ಣಿದ್ದವರು ಹೇಗೆ ನೋಡುತ್ತಾರೋ ಹಾಗೆಯೇ ತಲೆ ಬಗ್ಗಿಸಿ ನೋಡುತ್ತಿದ್ದಳು. ಪೂಜೆ ಮುಗಿದ ಮೇಲೆ ಬಲಗೈಯ ಕೆಲಸ ಶುರು. ಪಡಸಾಲೆಯ ಬೇವಿನ ಕಂಬ, ಹಿತ್ತಲ ಬಾಗಿಲಿಗೆ ಅಡ್ಡ ಹಾಕುವ ಜಾಲಿಯ ತುಂಡು, ಊಟಕ್ಕೆ ಕೂರುವ ಮಾವಿನ ಮಣೆಗಳು, ಎಲ್ಲವನ್ನೂ ಮುಟ್ಟುತ್ತ ಬರುತ್ತಿದ್ದಳು. ನಾನು ಅಪ್ಪನ ಮಣೆಯ ಮೇಲೆ ಕೂತಿದ್ದರೆ ಅಂಚು ಸವರಿಯೇ ಎಬ್ಬಿಸುತ್ತಿದ್ದಳು. ಕೊನೆಗೆ ಬರುವುದು ತಲೆಬಾಗಿಲಿಗೆ. ಅದು ಸಾಗವಾನಿಯದು, ಎರಡು ಕದದ್ದು. ದಸರೆಗೆ ಮುಂಚೆ ನಾವಿಬ್ಬರೂ ಹಳೆಯ ಧೋತರದ ಚೂರಿನಿಂದ ಅದಕ್ಕೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದೆವು. ಚಿಲಕದ ಪಕ್ಕದಲ್ಲಿ, ಅವಳ ಎದೆಯ ಎತ್ತರಕ್ಕೆ, ಒಂದು ಸಣ್ಣ ತಗ್ಗಿತ್ತು. ಮದುವೆಯಾಗಿ ಬಂದ ದಿನದಿಂದ ಅವಳ ಕೈ ಮುಟ್ಟಿ ಮುಟ್ಟಿ ಸವೆದದ್ದು. ನನಗೆ ಅವಳು ಕಲಿಸಿದ ವಿದ್ಯೆ ಒಂದೇ, ಅದನ್ನು ಕಲಿಸಿದ್ದು ಆ ಬಾಗಿಲ ಹತ್ತಿರ.

"ಸರು, ಕಣ್ಣ ಮುಚ್ಚು. ಅಂಗೈಲೆ ಬ್ಯಾಡ, ಕೈ ಬೆನ್ನಿಲೆ ಮುಟ್ಟು. ಇದು ಏನದ?"

"ಬಾಗಲ."

"ಇದು?"

"ಹೊಸ್ತಲದ ಕಲ್ಲು."

"ಹ್ಯಾಂಗ ಗೊತ್ತಾಯ್ತು?"

"ತಣ್ಣಗ ಅದ ಆಯಿ."

"ತಣ್ಣಗ ಹ್ಯಾಂಗ ಇರ್ತದ, ಹುಚ್ಚಿ? ಎರಡೂ ಒಂದೇ ನೆರಳಾಗ ಅವ. ಕಲ್ಲು ನಿನ್ನ ಕೈಯಾಗಿನ ಬಿಸಿ ಕಸಗೊಂತದ. ಕಟ್ಟಿಗಿ ನಿನ್ನ ಬಿಸಿ ನಿನಗೇ ಬಿಡ್ತದ. ಅದಕ್ಕ ಕಟ್ಟಿಗಿ ಜೀವ ಇದ್ದಂಗ ಅನಸ್ತದ."

ಇನ್ನೊಂದು ಮಾತನ್ನೂ ಹೇಳಿದಳು. ಇದನ್ನು ಓದುಗರು ಮರೆಯಬಾರದು, ನಾನಂತೂ ಮರೆತಿಲ್ಲ:

"ಬಿಸಿಲಾಗಿಂದ ತಂದ ಸಾಮಾನಿಗಿ ಏನೂ ಕೇಳಬ್ಯಾಡ. ಸುಳ್ಳ ಹೇಳ್ತದ."

ಕಾಕಾ ಆಗ ಬೀದರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಔರಾದಿಗೆ ಬರುತ್ತಿದ್ದ. ಬಂದಾಗ ಮನೆಯ ಎಲ್ಲ ತೀರ್ಮಾನಗಳೂ ಅವನವೇ. ನನ್ನ ಅಪ್ಪ ಹಿರಿಯ, ಆದರೆ ಹೊಲ ಬಿಟ್ಟರೆ ಅವನಿಗೆ ಮಾತಿರಲಿಲ್ಲ. ತಮ್ಮ ಮಾತಾಡುವಾಗ ರೊಟ್ಟಿ ಮುರಿಯುತ್ತ ತಟ್ಟೆ ನೋಡುತ್ತಿದ್ದ. ಒಮ್ಮೆ ಆಯಿ ಮೊಮ್ಮಗಳ ಬಾಣಂತನಕ್ಕೆಂದು ಭಾಲ್ಕಿಗೆ, ಮಗಳ ಮನೆಗೆ ಹೋದಳು. ಒಂದೂವರೆ ತಿಂಗಳು ಇದ್ದಳು. ಅವಳು ಹೋದ ಎರಡನೆಯ ವಾರ ಕಾಕಾ ಇಬ್ಬರು ಬಡಿಗರನ್ನು ಕರೆತಂದು ತಲೆಬಾಗಿಲನ್ನು ಬಿಚ್ಚಿಸಿದ. ನಾನು ಸಾಲೆಗೆ ಹೋಗಿದ್ದೆ. ಬಂದು ನೋಡಿದರೆ ಬೇರೆ ಬಾಗಿಲು. ಅದರ ಮೈಮೇಲೆಲ್ಲ ಸಾಗವಾನಿಯ ಗೆರೆಗಳು, ಮಧ್ಯೆ ಮರದ ಗಂಟಿನ ಒಂದು ಕಣ್ಣು. ಅದೇ ಕಣ್ಣು ಒಂದು ಗೇಣು ಕೆಳಗೆ ಮತ್ತೆ, ಅದರ ಕೆಳಗೆ ಮತ್ತೆ. ಒಂದೇ ಕಣ್ಣು ಮೂರು ಸಲ ಇರುವ ಮರವನ್ನು ನಾನು ಎಂದೂ ನೋಡಿರಲಿಲ್ಲ. ಕಾಕಾ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ.

"ಹಳೆ ಬಾಗಲಕ್ಕ ಒರ್ಲಿ ಹತ್ತಿತ್ತು. ಒಳಗ ಪೂರಾ ಪೊಳ್ಳು. ಯವ್ವ ಕೇಳಿದ್ರ ಪಾಲಿಶ್ ಮಾಡ್ಸೀವಿ ಅಂತ ಹೇಳ್ರಿ. ವಯಸ್ಸಾದ ಜೀವ, ಬಾಗಲ ಹೋಯ್ತಂದ್ರ ಎದಿ ಒಡಕೊಂತಾಳ."

"ಅದು ಎಲ್ಲದರಿ ಈಗ?" ಎಂದು ಅವ್ವ ಕೇಳಿದಳು.

"ಒರ್ಲಿ ತಿಂದದ್ದು ಎಲ್ಲಿರ್ತದ ವೈನಿ? ಒಲಿಗಿ ಹೋಯ್ತು."

ನಮ್ಮ ಮನೆಯ ಒಲೆ ಉರಿಸುತ್ತಿದ್ದವಳು ಅವ್ವ. ಎರಡು ಕದದ ಬಾಗಿಲು ಆ ಒಲೆಗೆ ಹೋಗಿದ್ದರೆ ಅವಳಿಗೆ ಗೊತ್ತಿರುತ್ತಿತ್ತು. ಅವಳು ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಮುಂದೆ ಎಷ್ಟೋ ಸಲ ಅವಳನ್ನು ಕೇಳಿದ್ದೇನೆ, ಯಾಕ ಸುಮ್ಮನಾದಿ ಎಂದು. "ಎಲ್ಲರೂ ಪಾಪ, ಆಯಿ ಸಲುವಾಗಿ ಅಂತ ತಿಳಿದಿದ್ರು. ನಾ ಒಬ್ಬಾಕಿ ಏನ್ ಹೇಳ್ಲಿ?" ಎನ್ನುತ್ತಾಳೆ. ಮೋಸವನ್ನು ಕರುಣೆಯ ಬಟ್ಟೆಯಲ್ಲಿ ಸುತ್ತಿ ಮನೆಮಂದಿಗೆಲ್ಲ ಹಂಚಿದ್ದು ಕಾಕಾನ ಜಾಣತನ. ಎಲ್ಲರ ಕೈಗೂ ಒಂದೊಂದು ಚೂರು ಬಂತು. ನನಗೂ.

ಆಯಿ ಭಾಲ್ಕಿಯಿಂದ ಬಂದ ದಿನ ಕಾಕಾ ಮನೆಯಲ್ಲಿದ್ದ. ಅವಳು ಟಾಂಗಾ ಇಳಿದು, ಎರಡು ಮೆಟ್ಟಿಲು ಹತ್ತಿ, ಅಭ್ಯಾಸದಂತೆ ಕೈ ಚಾಚಿದಳು. ಚಾಚಿದ ಕೈಯನ್ನು ಒಡನೆ ಹಿಂದಕ್ಕೆ ಎಳೆದುಕೊಂಡಳು.

"ಇದು ಯಾರ ಮನಿ?"

"ನಿಂದೇ ಯವ್ವಾ. ಪಾಲಿಶ್ ಮಾಡ್ಸೀನಿ. ಹ್ಯಾಂಗ ಆಗ್ಯಾದ?"

"ಪಾಲಿಶ್ ಮಾಡಿದ್ರ ಕಟ್ಟಿಗಿ ಸಾಯೋದಿಲ್ಲ. ಇದು ಸತ್ತದ."

"ಭಾಲ್ಕಿಯಾಗ ಹೆಣ್ಣಮಗಳು ಛೊಲೊ ತಿನಿಸ್ಯಾಳ ಅನಸ್ತದ, ಕೈಗಿ ಕೊಬ್ಬು ಬಂದದ" ಎಂದು ಕಾಕಾ ನಕ್ಕ. ನಾವೂ ನಕ್ಕೆವು.

ಆಯಿ ನಗಲಿಲ್ಲ. ಮೆಟ್ಟಿಲು ಇಳಿದು, ಗೋಡೆ ಹಿಡಿದು, ಮನೆ ಸುತ್ತಿ ಹಿತ್ತಲಿಗೆ ಹೋದಳು. ಎಮ್ಮೆಗಳ ಮಧ್ಯೆ ಹಾದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಆಮೇಲೆ ಎಷ್ಟು ದಿನ ಹಾಗೆಯೇ ಓಡಾಡಿದಳೋ ಲೆಕ್ಕ ಸಿಕ್ಕುವುದಿಲ್ಲ. ಅವ್ವ ಎಂಟು ದಿನ ಎನ್ನುತ್ತಾಳೆ, ನನಗೆ ಅದು ಒಂದು ಇಡೀ ಬೇಸಗೆ. ಊಟಕ್ಕೆ ಕೂತಾಗೆಲ್ಲ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಅಪ್ಪನನ್ನು ಕೇಳಿದಳು, ಅಪ್ಪ ಕೆಮ್ಮಿದ. ಅವ್ವನನ್ನು ಕೇಳಿದಳು, "ಪಾಲಿಶ್ ಅದರಿ ಅತ್ತಿ" ಎಂದಳು ಅವ್ವ, ಒಲೆಯ ಕಡೆ ತಿರುಗಿ. ಕೊನೆಗೆ ನನ್ನ ಗಲ್ಲ ಹಿಡಿದಳು.

"ನೀ ಹೇಳು ಸರು. ನಿನ್ನ ಕೈಗಿ ನಾ ಕಲಿಸೀನಿ. ನಮ್ಮದೇ ಏನದು?"

"ನಮ್ದೇ ಆಯಿ. ಪಾಲಿಶ್ ಮಾಡ್ಯಾರ."

ಅವಳ ಕೈ ನನ್ನ ಗಲ್ಲದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಕಟ್ಟಿಗೆಯನ್ನು ಓದುವ ಕೈ ಗಲ್ಲವನ್ನು ಓದದೆ ಬಿಟ್ಟೀತೇ? ಆದರೂ ಕೈ ತೆಗೆದು ಊಟಕ್ಕೆ ತಿರುಗಿದಳು. ಮರುದಿನ ತನ್ನ ತವರು ಎಕಂಬಾದಿಂದ ನಾಲ್ಕು ಜನ ಹಿರಿಯರನ್ನು ಕರೆಸುತ್ತೇನೆ ಎಂದಳು. ಅವರು ಬಂದರೆ ಮೈಕಾ ಬಾಗಿಲನ್ನು ನೋಡುತ್ತಾರೆ, ಹಳೆಯದು ಎಲ್ಲಿ ಎಂದು ಕೇಳುತ್ತಾರೆ. ಕಾಕಾನಿಗೆ ಅದು ಬೇಡವಾಗಿತ್ತು. ಆ ಭಾನುವಾರ ಅವನು ಭಾಲ್ಕಿ ಅತ್ತೆಯನ್ನು, ಎಂದರೆ ಆಯಿಯ ಮಗಳನ್ನು, ಜೊತೆಗೆ ಕರೆದುಕೊಂಡೇ ಬಂದ. ಒರಲೆಯ ಕಥೆಯನ್ನು ಅವಳಿಗೂ ಹೇಳಿದ್ದ. ಕೈಯಲ್ಲಿ ಒಂದು ಗೋಣಿ ಚೀಲ. ಅದರಲ್ಲಿ ಒಂದೇ ಅಳತೆಗೆ ಕೊಯ್ದ, ಒಂದೇ ವಾರ್ನಿಶ್ ಬಳಿದು ನುಣುಪು ಮಾಡಿದ ತುಂಡುಗಳು.

ಇಲ್ಲಿಂದ ಮುಂದಿನದನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲ ಸಲ ಬರೆದದ್ದು: ಕಾಕಾ ನನ್ನನ್ನು ಹಿತ್ತಲಿಗೆ ಕರೆದು, ಸ್ಕೂಟರಿನ ಮೇಲೆ ಬೀದರಿಗೆ ಕರೆದೊಯ್ಯುವ ಆಸೆ ತೋರಿಸಿ, ಮೈಕಾದ ತುಂಡನ್ನು ಬಿಸಿಲಿಗೆ ಇಡು, ಸಾಗವಾನಿಯದನ್ನು ನೀರಿನ ಗಡಿಗೆಯ ಕೆಳಗಿನ ಉಸುಕಿನಲ್ಲಿ ಇಡು ಎಂದ. ಹಾಗೆ ಬರೆದು ಅವ್ವನಿಗೆ ಓದಿ ಹೇಳಿದೆ. ಅವ್ವ ಕಿಸಕ್ಕನೆ ನಕ್ಕು, "ಸ್ಕೂಟರ್ ಎಲ್ಲಿತ್ತೇ ಆಗ? ನಿಮ್ಮ ಕಾಕಾ ಸ್ಕೂಟರ್ ತಗೊಂಡಿದ್ದು ಆಯಿ ಹೋದ ಮ್ಯಾಲ" ಎಂದಳು. ಸ್ಕೂಟರಿನ ಮೇಲೆ ಕೂತು ಕೋಟೆಯ ಗೋಡೆ ಕಂಡದ್ದು, ಗಾಳಿಗೆ ಕಣ್ಣಲ್ಲಿ ನೀರು ಬಂದದ್ದು ನನಗೆ ನೆನಪಿದೆ. ಆ ನೆನಪನ್ನು ಈ ಮಧ್ಯಾಹ್ನಕ್ಕೆ ತಂದು ಹೊಲಿದವಳು ನಾನೇ ಇರಬೇಕು. ಸ್ಕೂಟರ್ ತೆಗೆದುಹಾಕಿದರೆ ಉಳಿಯುವುದು ಇಷ್ಟು: ಬರಿಗಾಲು ಸುಡುವ ಹಿತ್ತಲ ಹಾಸುಗಲ್ಲು, ಅದರ ಮೇಲೆ ನಾನು ಇಡುತ್ತಿರುವ ತುಂಡು. ಗಡಿಗೆಯ ಕೆಳಗೆ ಕೈ ಹಾಕಿದಾಗಿನ ಒದ್ದೆ ಉಸುಕಿನ ತಂಪು. ಎರಡನ್ನೂ ಒರೆಸಿ ಲಂಗದಲ್ಲಿ ಸುತ್ತಿ ತಂದದ್ದು. ನನಗೆ ಆಗ ಒಂಬತ್ತು ವರ್ಷ. ಏನು ಮಾಡುತ್ತಿದ್ದೇನೆಂದು ತಿಳಿಯದ ವಯಸ್ಸಲ್ಲ ಅದು, ಅದರಲ್ಲೂ ಆಯಿ ಕಲಿಸಿದವಳಿಗೆ.

"ಕೇಳು ಯವ್ವಾ" ಎಂದ ಕಾಕಾ. "ಇಲ್ಲಿ ಐದು ತುಂಡು ಅವ. ನಾಲ್ಕು ಕಟ್ಟಿಗಿ, ಒಂದು ಅಲ್ಲ. ಮೂಸಿ ನೋಡಂಗಿಲ್ಲ, ಬಡಿದು ನೋಡಂಗಿಲ್ಲ, ಎತ್ತಂಗಿಲ್ಲ. ಬರೀ ನಿನ್ನ ಕೈ. ಕಟ್ಟಿಗಿ ಅಲ್ಲದ್ದು ಯಾವುದು ಹೇಳು. ಹೇಳಿದಿ ಅಂದ್ರ ಬಾಗಲದ ಮಾತು ನಿಂದೇ ಖರೆ. ತಪ್ಪಿದ್ರ ಇವತ್ತಿಂದ ಬಾಗಲದ ಸುದ್ದಿ ಬಂದ್."

"ಏ, ಮುದುಕಿ ಜೋಡಿ ಏನ್ ಆಟ ಹಚ್ಚೀಯೋ" ಎಂದಳು ಅತ್ತೆ.

"ಹಚ್ಚಲಿ ಬಿಡು" ಎಂದಳು ಆಯಿ. ಅವಳ ಮುಖದಲ್ಲಿ ಖುಷಿಯಿತ್ತು. ಅವಳಿಗೆ ತನ್ನ ಕೈಯ ಮೇಲೆ ಅಷ್ಟು ಭರವಸೆ.

ಮೊದಲನೆಯದರ ಮೇಲೆ ಕೈಯ ಬೆನ್ನಿಟ್ಟು ಬೇವು ಎಂದಳು. ಎರಡನೆಯದು ಜಾಲಿ. ಮೂರನೆಯದು ಮಾವು. ಅತ್ತೆ ಬಾಯಿ ತೆರೆದು ನೋಡುತ್ತಿದ್ದಳು. ನಾಲ್ಕನೆಯದು ಬಿಸಿಲಿನಿಂದ ಬಂದದ್ದು. ಅದರ ಮೇಲೆ ಕೈಯಿಟ್ಟಾಗ ಆಯಿಯ ಮುಖ ಮೆತ್ತಗಾಯಿತು. "ಇದು ಸಾಗವಾನಿ. ನಮ್ಮ ಬಾಗಲದಂಥದ್ದು" ಎಂದಳು. ಐದನೆಯದನ್ನು ಮುಟ್ಟಿ, ಎತ್ತಬಾರದೆಂಬುದನ್ನು ಮರೆತು, ಎತ್ತಿ ಕಾಕಾ ಇದ್ದ ಕಡೆಗೆ ಎಸೆದಳು.

"ಇದು. ಇದು ಸತ್ತದ. ನನ್ನ ಬಾಗಲಕ್ಕ ಹಚ್ಚೀದಿ ನೋಡು, ಇದೇ."

ತುಂಡು ಕಾಕಾನ ಕಾಲ ಬಳಿ ಬಿತ್ತು. ಆಮೇಲೆ ಅತ್ತೆ, ಪಾಪ, ಅಳುವ ದನಿಯಲ್ಲಿ, "ಯವ್ವಾ, ಅದೇ ಸಾಗವಾನಿ. ಮೊದಲು ಹೇಳಿದ್ದು ಮೈಕಾ" ಎಂದಳು. ಆಯಿ ನನ್ನ ಕಡೆ ತಿರುಗಿದಳು. "ಹೌದೇನ ಸರು?" ನಾನು ಹೌದು ಎಂದೆ. ಆ ದಿನ ನಾನು ಆಡಿದ ಒಂದೇ ನಿಜ ಅದು, ಅದಕ್ಕಿಂತ ದೊಡ್ಡ ಸುಳ್ಳು ಇಡೀ ಜನ್ಮದಲ್ಲಿ ಹೇಳಿಲ್ಲ.

ಸಂಜೆ ಆಯಿ ತಲೆಬಾಗಿಲಿನಿಂದಲೇ ಹೊರಗೆ ಹೋಗಿ ಬಂದಳು. "ನಮ್ದೇ ಅದ, ಬಿಡ್ರಿ. ನನ್ನ ಕೈಗಿ ಮುಪ್ಪು ಬಂತು" ಎಂದಳು. ಹಿರಿಯರನ್ನು ಕರೆಸಲಿಲ್ಲ. ಕಂಬಗಳನ್ನು ಮುಟ್ಟುವುದನ್ನು ಬಿಟ್ಟಳು. ಹಿಟ್ಟು ನಾದಿ ಕೊಡುತ್ತಿದ್ದವಳು, ಹದ ತಿಳಿಯುವುದಿಲ್ಲವೆಂದು ಅದನ್ನೂ ಬಿಟ್ಟಳು. ಇಷ್ಟನ್ನು ಕ್ಷಮಿಸುವ ದೊಡ್ಡ ಮನಸ್ಸು ಯಾರಿಗಾದರೂ ಇರಬಹುದು. ಆದರೆ ಒಂದು ಬೆಳಗ್ಗೆ ಪೂಜೆಗೆ ಕೂತವಳು ನನ್ನನ್ನು ಕರೆದಳು. ಎಡ ಅಂಗೈ ಮುಂದೆ ಚಾಚಿದ್ದಳು, ಬಲಗೈ ಲಿಂಗದ ಮೇಲೆ ತಡಕಾಡುತ್ತಿತ್ತು.

"ಸರು, ಜರಾ ನೋಡು. ಇದು ಲಿಂಗಾನೇ ಹೌದಲ್ಲ?"

ಅವಳು ಸಾಯುವವರೆಗೂ ಪ್ರತಿದಿನ ಬೆಳಗ್ಗೆ ಸಾಲೆಗೆ ಹೋಗುವ ಮುಂಚೆ ಅವಳ ಕೈಯಲ್ಲಿರುವುದು ಲಿಂಗವೇ ಎಂದು ಹೇಳುವುದು ನನ್ನ ಕೆಲಸವಾಯಿತು. ಬಾಗಿಲಿನ ವಿಷಯದಲ್ಲಿ ಸುಳ್ಳು ಹೇಳಿದ ಬಾಯಿಂದಲೇ ಅವಳ ದೇವರಿಗೆ ಸಾಕ್ಷಿ ಹೇಳಬೇಕಾಗಿತ್ತು. ಕಾಕಾ, ಇದು ನಿನಗೆ ಗೊತ್ತಿರಲಿಲ್ಲ. ನೀನು ವಾರಕ್ಕೊಮ್ಮೆ ಬರುತ್ತಿದ್ದೆ, ಅದೂ ಪೂಜೆ ಮುಗಿದ ಮೇಲೆ.

ಆಯಿ ಹೋಗಿ ಕೆಲವು ವರ್ಷಗಳಾದ ಮೇಲೆ ಕಾಲೇಜಿಗೆಂದು ನನ್ನನ್ನು ಬೀದರಿಗೆ ಕಳಿಸಿದರು, ಚಿದ್ರಿಯ ಕಾಕಾನ ಮನೆಯಲ್ಲಿರಲು. ನಾನು ಸಣ್ಣವಳಿದ್ದಾಗಲೇ ಅವನು ಕಟ್ಟಿಸಿದ ಮನೆ, ನಾನು ನೋಡಿದ್ದು ಅದೇ ಮೊದಲು. ತಲೆಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು, ದಪ್ಪಗೆ, ಮೂರು ನಾಲ್ಕು ಕೈ. ಚೀಲ ಕೆಳಗಿಟ್ಟು ಕೈ ಚಾಚಿದೆ, ಬಾಗಿಲು ತಳ್ಳಲಿಕ್ಕೆ ಅಷ್ಟೇ. ಚಿಲಕದ ಪಕ್ಕದಲ್ಲಿ ಕೈಯ ಬೆನ್ನಿಗೆ ತಗ್ಗು ಸಿಕ್ಕಿತು. ಬಣ್ಣದ ಕೆಳಗೆ ಅದು ಹಾಗೆಯೇ ಇತ್ತು. ಆದರೆ ಔರಾದಿನಲ್ಲಿ ಇದ್ದುದಕ್ಕಿಂತ ನಾಲ್ಕು ಬೆರಳು ಕೆಳಗೆ. ನಾನು ಬೆಳೆದಿದ್ದೆ, ನಿಜ. ಆಯಿಯ ಎದೆಯ ಎತ್ತರ ಮಾತ್ರ ನನಗೆ ಮರೆಯುವಂಥದಲ್ಲ. ಬಗ್ಗಿ ನೋಡಿದೆ. ಕದಗಳ ಕೆಳಗಿನ ಅಂಚನ್ನು ಕೊಯ್ದಿದ್ದರು, ಈ ಮನೆಯ ಚೌಕಟ್ಟಿಗೆ ಹೊಂದಿಸಲು. ಕೊಯ್ದು ತೆಗೆದ ಸಾಗವಾನಿಯ ಆ ಚೂರು ಎಲ್ಲಿಗೆ ಹೋಗಿರಬಹುದೆಂದು ಯೋಚಿಸುತ್ತ ಹೊಸ್ತಿಲಲ್ಲೇ ಕೂತೆ. ಗೋಣಿ ಚೀಲ ನೆನಪಾಯಿತು. ಆಯಿ ಎತ್ತಿ ಎಸೆದದ್ದು, ಇದು ಸತ್ತದ ಎಂದದ್ದು, ಅವಳದೇ ಬಾಗಿಲಿನ ಚೂರನ್ನು. ಒರಲೆ ಇರಲಿಲ್ಲ, ಪೊಳ್ಳೂ ಇರಲಿಲ್ಲ. ಅವನಿಗೆ ಆ ಬಾಗಿಲು ತನ್ನ ಮನೆಗೆ ಬೇಕಾಗಿತ್ತು, ಅಷ್ಟೇ. ಒಳಗಿನಿಂದ ಕಾಕಾನ ಹೆಂಡತಿ ಕಾಕು, "ಬಾರೇ ಸರು, ಹೊರಗ್ಯಾಕ ಕೂತಿ?" ಎಂದು ಕರೆದಳು. ನಾನು ಒಳಗೆ ಹೋದೆ. ಎರಡು ವರ್ಷ ಆ ಬಾಗಿಲಿನಿಂದ ಒಳಗೆ ಹೋಗಿ ಅನ್ನ ತಿಂದೆ. ನನ್ನ ಸಿಟ್ಟಿನ ಬಗ್ಗೆ ದೊಡ್ಡ ಮಾತಾಡುವ ಮುನ್ನ ಇದನ್ನೂ ಬರೆದುಬಿಡಬೇಕು.

ಈಗ ನಾನು ಮೈಲೂರಿನಲ್ಲಿದ್ದೇನೆ, ಶಿಕ್ಷಕಿಯ ಕೆಲಸದಿಂದ ನಿವೃತ್ತಳಾಗಿ. ನನ್ನ ಬಾಡಿಗೆ ಮನೆಯಲ್ಲಿ ಬಾಗಿಲು, ಕಪಾಟು, ಮಂಚ ಎಲ್ಲವೂ ಪ್ಲೈವುಡ್ಡೇ. ದಿನವೂ ಅದನ್ನೇ ಮುಟ್ಟುತ್ತೇನೆ. ಕಾಕಾನಿಗೆ ಸಕ್ಕರೆ ಕಾಯಿಲೆ ಬಂದು ಬೆರಳುಗಳ ಸ್ಪರ್ಶ ಹೋಗಿದೆ ಎಂದು ಅವನ ಸೊಸೆ ಫೋನಿನಲ್ಲಿ ಹೇಳಿದಳು. ಬಿಸಿ ಚಹಾದ ಲೋಟ ಹಿಡಿದು ಕೈ ಸುಟ್ಟುಕೊಂಡರೂ ತಿಳಿಯಲಿಲ್ಲವಂತೆ. ಅಯ್ಯೋ ಎಂದೆ. ಮರುದಿನವೇ ಬಡಿಗನ ಅಂಗಡಿಗೆ ಹೋದೆ. ಐದು ತುಂಡು, ಒಂದೇ ಅಳತೆ, ಒಂದೇ ವಾರ್ನಿಶ್. ಎಲ್ಲವನ್ನೂ ಒಂದೇ ನೆರಳಿನಲ್ಲಿಟ್ಟೆ. ನನ್ನ ಆಟ ಚೊಕ್ಕವಾಗಿರಬೇಕು ಎಂದುಕೊಂಡೆ. ಸ್ಪರ್ಶ ಹೋದ ಕೈಗೆ ಎಂಥ ಚೊಕ್ಕ ಆಟ! ಬಸವ ಜಯಂತಿಯ ಊಟಕ್ಕೆ ಚಿದ್ರಿಗೆ ಕರೆದಿದ್ದರು. ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಚೀಲ ತೆಗೆದೆ. ಮೊಮ್ಮಕ್ಕಳು ಕುಣಿದಾಡಿದರು, ಕಾಕಾನ ಕಣ್ಣಿಗೆ ಟವೆಲು ಕಟ್ಟಿದರು.

"ಕಟ್ಟಿಗಿ ಅಲ್ಲದ್ದು ಯಾವುದು ಹೇಳ್ರಿ ಕಾಕಾ. ಮೂಸಿ ನೋಡಂಗಿಲ್ಲ, ಬಡಿದು ನೋಡಂಗಿಲ್ಲ. ಬರೀ ಕೈ."

ಅವನು ಮೊದಲನೆಯದನ್ನು ಸವರಿ ಸಾಗವಾನಿ ಎಂದ. ಎರಡನೆಯದೂ ಸಾಗವಾನಿ. ಮೂರನೆಯದು, ನಾಲ್ಕನೆಯದು.

"ಮುತ್ಯಾ, ಎಲ್ಲಾ ಸಾಗವಾನಿ ಅಂದ್ರ ಜಂಗಲ್ ಖಾಲಿ ಆಗ್ಯಾದೇನು?" ಎಂದು ಮೊಮ್ಮಗಳು ಕೂಗಿದಳು. ಎಲ್ಲರೂ ನಕ್ಕರು. ಆ ನಗುವಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಕಾಕಾನ ಕೈ ತುಂಡುಗಳ ಮೇಲೆ ಸುಮ್ಮನೆ ಹರಿದಾಡುತ್ತಿತ್ತು, ಯಾವುದು ಮುಗಿದು ಯಾವುದು ಶುರುವಾಯಿತೆಂದು ಕೂಡ ತಿಳಿಯದೆ. ನಾನು ಬಗ್ಗಿ ಅವನ ಕಿವಿಗೆ ಮಾತ್ರ ಕೇಳುವಂತೆ ಹೇಳಿದೆ.

"ಆಯಿ ಕೈನೂ ಹಿಂಗೇ ತಡಕಾಡ್ತಿತ್ತರಿ ಕಾಕಾ. ಲಿಂಗ ಹಿಡಿದಾಗ."

ಅವನು ಟವೆಲನ್ನು ತಾನೇ ಬಿಚ್ಚಿದ. ನನ್ನನ್ನು ಬಹಳ ಹೊತ್ತು ನೋಡಿದ. ಕಣ್ಣು ಚುರುಕಾಗಿಯೇ ಇದ್ದವು.

"ಇವು ಬಿಸಿಲಾಗ ಇಟ್ಟು ತಂದದ್ದೇನು?"

"ಇಲ್ರಿ. ಅದು ನಿಮ್ಮ ಪದ್ಧತಿ."

"ನಂದಾ?" ಎಂದ. ದನಿ ಏರಿಸಲಿಲ್ಲ. "ನನಗೇನ್ ಗೊತ್ತಿತ್ತು ಸರು ಕಟ್ಟಿಗಿ ಸುದ್ದಿ? ನಾ ಕಚೇರ್ಯಾಗ ಕಾಗದ ಬರೆಯಾಂವ. ಹ್ಯಾಂಗ ಮಾಡಿದ್ರ ಯವ್ವ ತಪ್ಪತಾಳ ಅಂತ ತಲಿ ಕೆರಕೊಂತ ಹಿತ್ತಲದಾಗ ಕೂತಿದ್ದೆ. ನೀನೇ ಬಂದು ಹೇಳಿದಿ. ಬಿಸಿಲಾಗಿಂದ ತಂದ ಸಾಮಾನಿಗಿ ಏನೂ ಕೇಳಬ್ಯಾಡ, ಸುಳ್ಳ ಹೇಳ್ತದ ಕಾಕಾ, ಆಯಿ ಹೇಳ್ಯಾಳ, ಅಂತ."

ಸೊಸೆ ಚಹಾ ತಂದಳು. ಮಕ್ಕಳು ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಬೀಳಿಸುತ್ತಿದ್ದರು. ನಾನು ಎದ್ದು ಬಂದೆ. ಹಸಿರು ಬಾಗಿಲಿಗೆ ಪಡುವಣ ಬಿಸಿಲು ಹೊಡೆಯುತ್ತಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಆ ಬೆಚ್ಚಗಿನದು ಕಟ್ಟಿಗೆಯದೋ ಬಿಸಿಲಿನದೋ ಎಂದು ಕೇಳುವ ಹಾಗಿರಲಿಲ್ಲ.

ಅವನು ಸುಳ್ಳುಗಾರ. ಆಯಿಗೆ ಅವಳ ಕೈಯ ಮೇಲೆ ಅನುಮಾನ ಹುಟ್ಟಿಸಿದವನು ನನಗೆ ನನ್ನ ನೆನಪಿನ ಮೇಲೆ ಅನುಮಾನ ಹುಟ್ಟಿಸುತ್ತಿದ್ದಾನೆ. ಅದೇ ಆಟ, ಮತ್ತೆ ಅವನೇ ಗೆಲ್ಲಬೇಕು. ಹೀಗೆಂದು ನೂರು ಸಲ ಹೇಳಿಕೊಂಡಿದ್ದೇನೆ. ಆದರೆ ಆಯಿಯ ಆ ಮಾತನ್ನು ಅವನು ಅಕ್ಷರ ತಪ್ಪದೆ ಹೇಳಿದ. ಆಯಿ ಅದನ್ನು ಹೇಳಿದ್ದು ನನ್ನೊಬ್ಬಳಿಗೆ, ಬಾಗಿಲ ಹತ್ತಿರ. ಅಥವಾ ತನ್ನ ಮಗ ಚಿಕ್ಕವನಿದ್ದಾಗ ಅವನನ್ನೂ ಅದೇ ಬಾಗಿಲ ಹತ್ತಿರ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿಸಿ ಹೇಳಿದ್ದಳೋ ಏನೋ. ಕೇಳೋಣವೆಂದರೆ ಅವಳಿಲ್ಲ. ಕಾಕಾನನ್ನು ನಾನು ಕ್ಷಮಿಸಿಲ್ಲ. ಅವನು ಇದನ್ನು ಓದಿ ಮುಗಿಸುವ ಹೊತ್ತಿಗೆ ಅವನ ಮನೆಮಂದಿಗೆಲ್ಲ ಆ ಬಾಗಿಲು ಯಾರದೆಂದು ಗೊತ್ತಾಗಿರಬೇಕು, ಅದಕ್ಕೇ ಬರೆದಿದ್ದೇನೆ. ಆದರೆ ಆ ತುಂಡನ್ನು ಬಿಸಿಲಿಗೆ ಇಡುವ ಮಾತು ಮೊದಲು ಬಂದದ್ದು ಅವನ ಬಾಯಿಂದಲೋ ನನ್ನ ಬಾಯಿಂದಲೋ, ನನಗೆ ಗೊತ್ತಿಲ್ಲ.